ಗುಹೆಯ ಗೋಡೆಯ ಮೇಲಿನ ಕೈ ಯಾರದು?



ಮಧ್ಯಾಹ್ನದ ಊಟದ ಪಾತ್ರೆ ತೊಳೆದಿಟ್ಟು ಈಗಷ್ಟೇ ಕೂತಿದ್ದೀರಿ ಅಂದುಕೊಳ್ಳುತ್ತೇನೆ. ಈ ಸಲ ಉಪ್ಪಿನಕಾಯಿ, ಸಂಡಿಗೆ ಎಲ್ಲಾ ಪಕ್ಕಕ್ಕಿರಲಿ. ಕೂತಲ್ಲಿಂದಲೇ ಸ್ಪೇನ್ ದೇಶದ ಒಂದು ಗುಹೆಗೆ ಹೋಗಿಬರೋಣ, ಬನ್ನಿ.

ಸ್ಪೇನಿನ ಉತ್ತರ ಭಾಗದಲ್ಲಿ ಆಲ್ತಮೀರ ಅಂತ ಒಂದು ಗುಹೆ ಇದೆ. 1879ರಲ್ಲಿ ಸೌತುಓಲ ಎಂಬ ಜಮೀನುದಾರರು ಅಲ್ಲಿ ನೆಲ ಅಗೆದು ಹಳೇ ಕಾಲದ ಮೂಳೆ, ಕಲ್ಲಿನ ಆಯುಧ ಹುಡುಕುತ್ತಿದ್ದರು. ಜೊತೆಯಲ್ಲಿ ಎಂಟು ವರ್ಷದ ಮಗಳು ಮಾರಿಯಾ. ಅಪ್ಪನ ಕಣ್ಣೆಲ್ಲ ನೆಲದ ಮೇಲೆ. ಮಗು ತಲೆ ಎತ್ತಿ ಮೇಲೆ ನೋಡಿ, ಎತ್ತುಗಳಿವೆ ಅಂತ ಕೂಗಿದಳಂತೆ! ನೋಡಿದರೆ ಗುಹೆಯ ಚಾವಣಿಯ ತುಂಬ ಕೆಂಪು, ಕಪ್ಪು ಬಣ್ಣದಲ್ಲಿ ಬರೆದ ಬೈಸನ್ ಎಂಬ ಕಾಡುಕೋಣಗಳು. ಬಂಡೆ ಎಲ್ಲಿ ಉಬ್ಬಿದೆಯೋ ಅಲ್ಲೇ ಮೈ ಬರುವ ಹಾಗೆ ಬರೆದಿದ್ದಾರೆ. ಹಾಗಾಗಿ ಎದ್ದು ಬರುವಂತೆ ಕಾಣುತ್ತವೆ.

ಸೌತುಓಲ ಮರುವರ್ಷವೇ ಇದನ್ನು ಅಚ್ಚು ಹಾಕಿಸಿ ಪಂಡಿತರ ಮುಂದಿಟ್ಟರು. ಹೆಚ್ಚಿನವರು ನಂಬಲಿಲ್ಲ. ಆದಿಮಾನವನಿಗೆ ಇಷ್ಟು ಚೆಂದ ಬರೆಯಲು ಎಲ್ಲಿ ಬರುತ್ತೆ, ಈಗಿನವರು ಯಾರೋ ಬರೆದಿದ್ದಾರೆ ಅಂದರು. ಆ ಅಪವಾದ ಹೊತ್ತುಕೊಂಡೇ ಅವರು 1888ರಲ್ಲಿ ತೀರಿಕೊಂಡರು. ಆಮೇಲೆ ಫ್ರಾನ್ಸಿನ ಗುಹೆಗಳಲ್ಲೂ ಇಂಥ ಚಿತ್ರಗಳು ಸಿಕ್ಕವು. ವಿರೋಧಿಸಿದವರಲ್ಲಿ ಮುಖ್ಯರಾದ ಕಾರ್ತಾಯಾಕ್ ಎಂಬ ಫ್ರೆಂಚ್ ವಿದ್ವಾಂಸರು 1902ರಲ್ಲಿ ತಮ್ಮದೇ ತಪ್ಪು ಅಂತ ಬರೆದು ಪ್ರಕಟಿಸಿದರು. ಅಷ್ಟು ಹೊತ್ತಿಗೆ ಕೇಳಿ ಸಂತೋಷಪಡಲು ಸೌತುಓಲ ಇರಲಿಲ್ಲ.

ಚಿತ್ರ ಹಳೆಯದು ಅಂತ ಒಪ್ಪಿದ್ದಾಯಿತು. ಬರೆದವರು ಯಾರು? ಇದಕ್ಕೆ ಮಾತ್ರ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಪ್ರಾಣಿಗಳ ಚಿತ್ರ ತಾನೆ, ಬೇಟೆಗಾರರೇ ಬರೆದಿರಬೇಕು, ಬೇಟೆಗಾರ ಅಂದಮೇಲೆ ಗಂಡಸೇ ಇರಬೇಕು ಅಂತ ಎಷ್ಟೋ ಕಾಲ ನಡೆದುಕೊಂಡು ಬಂತು. ಮಕ್ಕಳ ಪುಸ್ತಕಗಳಲ್ಲಿ ನೀವೂ ನೋಡಿರಬಹುದು: ಪಂಜು ಹಿಡಿದು ಗೋಡೆಗೆ ಬಣ್ಣ ಬಳಿಯುವವನು ಗಂಡಸು, ದೂರದಲ್ಲಿ ಬೆಂಕಿಯ ಮುಂದೆ ಮಗು ಎತ್ತಿಕೊಂಡು ಕೂತವಳು ಹೆಂಗಸು.

ಆದರೆ ಈ ಗುಹೆಗಳಲ್ಲಿ ಪ್ರಾಣಿಗಳಷ್ಟೇ ಅಲ್ಲ, ಕೈಗಳೂ ಇವೆ. ಫ್ರಾನ್ಸಿನ ಪೆಶ್ ಮೆರ್ಲ್ ಗುಹೆಯಲ್ಲಿ ಚುಕ್ಕೆ ಚುಕ್ಕೆಯ ಎರಡು ಕುದುರೆಗಳಿವೆ, ಅವುಗಳ ಸುತ್ತ ಅಂಗೈಗಳು. ಸ್ಪೇನಿನ ಎಲ್ ಕಾಸ್ತಿಯೋ ಗುಹೆಯಲ್ಲಿ ಒಂದು ಕೈಗುರುತಿಗೆ ಕಡಿಮೆಯೆಂದರೂ 37,300 ವರ್ಷ ವಯಸ್ಸು ಅಂತ 2012ರಲ್ಲಿ ಲೆಕ್ಕ ಹಾಕಿದರು. ಇಂಡೋನೇಷ್ಯದ ಸುಲವೇಸಿ ದ್ವೀಪದ ಇನ್ನೊಂದು ಕೈಗೆ 39,900 ವರ್ಷಕ್ಕೂ ಮೇಲೆ. ಒಬ್ಬರನ್ನೊಬ್ಬರು ಕಂಡು ಕೇಳದ ಜನ, ಎಲ್ಲೆಲ್ಲೋ ಇದ್ದುಕೊಂಡು ಒಂದೇ ಗುರುತು ಬಿಟ್ಟುಹೋಗಿದ್ದಾರೆ, ನೋಡಿ.

ಇದನ್ನು ಮಾಡುವ ರೀತಿ ಸುಲಭ. ನಮ್ಮ ಹಳೇ ಮನೆಗಳಲ್ಲಿ ಗೋಡೆಗೆ, ಹೊಸ್ತಿಲಿಗೆ ಬಳಿಯುತ್ತಿದ್ದ ಕೆಮ್ಮಣ್ಣು ಇದೆಯಲ್ಲ, ಅಂಥದ್ದೇ ಕಬ್ಬಿಣದ ಅಂಶವಿರುವ ಕೆಂಪು ಮಣ್ಣು. ಅದನ್ನು ನುಣ್ಣಗೆ ಅರೆದು ನೀರಲ್ಲಿ ಕಲಸಬೇಕು. ಅಂಗೈಯನ್ನು ಬಂಡೆಗೆ ಒತ್ತಿ ಹಿಡಿದು, ಬಣ್ಣವನ್ನು ಬಾಯಿಂದಲೋ ಕೊಳವೆಯಿಂದಲೋ ಕೈಯ ಸುತ್ತ ಊದಬೇಕು. ಕೈ ತೆಗೆದರೆ ಸುತ್ತ ಕೆಂಪು, ನಡುವೆ ಬರಿದಾದ ಕೈಯ ಆಕಾರ. ನಮ್ಮ ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಬಂಡೆಗಳ ಮೇಲೂ ಪ್ರಾಚೀನರು ಕೆಂಪು ಬಣ್ಣದಲ್ಲೇ ಮನುಷ್ಯರನ್ನೂ ಪ್ರಾಣಿಗಳನ್ನೂ ಬರೆದಿದ್ದಾರೆ.

ಹೀಗೆ ಉಳಿದ ಕೈ ಅಂದರೆ ಒಬ್ಬರ ಅಳತೆ ಉಳಿದ ಹಾಗೆ. ಅಮೆರಿಕದ ಪುರಾತತ್ವಜ್ಞ ಡೀನ್ ಸ್ನೋ ಅವರು ಮಾಡಿದ್ದು ಇಷ್ಟೇ, ಕೈಗಳನ್ನು ಅಳೆದರು. ಸಾಮಾನ್ಯವಾಗಿ ಗಂಡಸರಿಗೆ ತೋರುಬೆರಳಿಗಿಂತ ಉಂಗುರದ ಬೆರಳು ಉದ್ದ. ಹೆಂಗಸರಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಕೈಯ ಒಟ್ಟು ಗಾತ್ರವನ್ನೂ ಬೆರಳುಗಳ ಉದ್ದವನ್ನೂ ಸೇರಿಸಿ ಅವರು ಫ್ರಾನ್ಸ್, ಸ್ಪೇನ್ ಗುಹೆಗಳ 32 ಕೈಗಳನ್ನು ಪರೀಕ್ಷಿಸಿದರು. 2013ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ 24 ಕೈಗಳು ಹೆಂಗಸರವು, ಅಂದರೆ ನಾಲ್ಕರಲ್ಲಿ ಮೂರು!

ಹಾಗಂತ ನಾವು ಕುಣಿದಾಡುವ ಹಾಗಿಲ್ಲ. ಈ ಲೆಕ್ಕವನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ಇಂದಿನ ಜನರ ಕೈ ನೋಡಿ ಹೀಗೆ ಹೇಳಹೊರಟರೆ ನೂರಕ್ಕೆ ಅರವತ್ತು ಸರಿಯಾದರೆ ಹೆಚ್ಚು. ಹದಿಹರೆಯದ ಹುಡುಗರ ಕೈ ಹೆಂಗಸರ ಕೈಯಷ್ಟೇ ಇರುತ್ತದಲ್ಲ, ಅಲ್ಲೂ ತೊಡಕು. ಗೋಡೆಗೆ ಕೈ ಒತ್ತಿದವಳೇ ಪಕ್ಕದ ಕುದುರೆಯನ್ನೂ ಬರೆದಳು ಅಂತ ಹೇಳಲೂ ಆಗುವುದಿಲ್ಲ. ಆದರೆ ಒಂದು ಮಾತು. ಎಲ್ಲಾ ಗಂಡಸರೇ ಬರೆದರು ಅಂತ ಅಷ್ಟು ವರ್ಷ ಹೇಳಿದಾಗ ಹೆಚ್ಚಿನವರು ಯಾವ ಕೈಯನ್ನೂ ಅಳೆದು ಹೇಳಿರಲಿಲ್ಲ. ಇವರು ಅಳೆಯಲಿಕ್ಕಾದರೂ ಹೊರಟರು.

ಇದಕ್ಕಿಂತಲೂ ನನ್ನ ಮನಸ್ಸಿಗೆ ಹತ್ತಿರವಾದದ್ದು ಫ್ರಾನ್ಸಿನ ರೂಫಿನ್ಯಾಕ್ ಗುಹೆ. ಹಿಮಯುಗದ ಮ್ಯಾಮತ್ ಆನೆಗಳ ಚಿತ್ರಕ್ಕೆ ಅದು ಪ್ರಸಿದ್ಧ. ಅಲ್ಲಿ ಕೆಲವು ಕಡೆ ಗೋಡೆ, ಚಾವಣಿ ಮೆತ್ತಗಿವೆ. ಹಿಟ್ಟಿನ ಮೇಲೆ ಬೆರಳೆಳೆದರೆ ಗೆರೆ ಬೀಳುತ್ತದಲ್ಲ, ಹಾಗೆ ಬೆರಳ ಗೆರೆಗಳಿವೆ. ಕೆವಿನ್ ಶಾರ್ಪ್, ಲೆಸ್ಲಿ ವ್ಯಾನ್ ಗೆಲ್ಡರ್ ಎಂಬ ಇಬ್ಬರು ಸಂಶೋಧಕರು ಮೂರು ಬೆರಳ ಅಗಲ ಅಳೆದು, ಇವುಗಳಲ್ಲಿ ಎಷ್ಟೋ ಗೆರೆ ಚಿಕ್ಕ ಮಕ್ಕಳದು ಅಂದರು. ಅವರ ಅಂದಾಜಿನಲ್ಲಿ, ಆ ಮಕ್ಕಳಲ್ಲಿ ಹೆಚ್ಚು ಗೆರೆ ಎಳೆದವಳು ಸುಮಾರು ಐದು ವರ್ಷದ ಒಂದು ಹುಡುಗಿ. ಕೆಲವು ಗೆರೆ ಚಾವಣಿಯ ಮೇಲಿವೆ. ಮಗುವಿನ ಕೈ ಅಲ್ಲಿಗೆ ನಿಲುಕುವುದಿಲ್ಲ. ಹಾಗಾದರೆ ಯಾರೋ ಎತ್ತಿ ಹಿಡಿದಿದ್ದರು!

ಸುಮಾರು ಹದಿಮೂರು ಸಾವಿರ ವರ್ಷದ ಹಿಂದಿನ ಮಾತಿದು. ಕಗ್ಗತ್ತಲ ಗುಹೆ, ಒಂದು ದೀಪ, ನಾನೂ ನಾನೂ ಅಂತ ಹಟ ಮಾಡುವ ಮಗು. ಬೇಡ ಅನ್ನದೆ ಎತ್ತಿಕೊಂಡು, ತೋಳು ನೋಯುವವರೆಗೂ ಹಿಡಿದುಕೊಂಡವರು ತಾಯಿಯೋ ತಂದೆಯೋ ಅತ್ತೆಯೋ, ಯಾರು ಹೇಳಬಲ್ಲರು? ಆ ಎತ್ತಿಕೊಂಡವರ ಒಂದು ಗೆರೆಯೂ ಬೇಕಾಗಿಲ್ಲ. ಮಗುವಿನ ಗೆರೆಯೇ ಸಾಕ್ಷಿ.

ನಮ್ಮ ಮನೆಗಳಲ್ಲೂ ಹೀಗೇ ಅಲ್ಲವೇ? ಮಲೆನಾಡಿನ ದೀವರ ಹೆಂಗಸರು ಅಕ್ಕಿಹಿಟ್ಟು, ಕೆಮ್ಮಣ್ಣು ಹಿಡಿದು ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾ ಬಂದಿದ್ದಾರೆ. ಎಷ್ಟು ತಲೆಮಾರಿನವರ ಹೆಸರು ನಮಗೆ ಗೊತ್ತು? ನನ್ನ ಅತ್ತೆಯವರ ಎಳೆ ರಂಗೋಲಿಯ ಒಂದು ನೋಟ್‌ಬುಕ್ ನನ್ನ ಹತ್ತಿರ ಇದೆ. ನೂರಕ್ಕೂ ಹೆಚ್ಚು ರಂಗೋಲಿ, ಅರಿಸಿನದ ಬೆರಳಚ್ಚು ಬೇರೆ. ಹೆಸರು ಎಲ್ಲೂ ಇರಲಿಲ್ಲ. ಮೊನ್ನೆ ನಾನೇ ಮೊದಲ ಪುಟದಲ್ಲಿ ಅವರ ಹೆಸರು, ಊರು, ಇಸವಿ ಬರೆದೆ. ಆದಿಕಾಲದ ಆ ಹೆಣ್ಣಿಗೆ ಅಕ್ಷರ ಇರಲಿಲ್ಲ, ಕೈ ಒತ್ತಿ ಹೋದಳು. ನಮಗೆ ಅಕ್ಷರ ಇದೆ, ಬರೆದಿಡಲು ಸೋಮಾರಿತನ ಯಾಕೆ?

ರಜೆಯಲ್ಲಿ ಮಕ್ಕಳು ಮನೆಯಲ್ಲಿದ್ದರೆ ಹೀಗೆ ಮಾಡಿ. ಎರಡು ಚಮಚ ಕೆಮ್ಮಣ್ಣನ್ನು ಬಟ್ಟೆಯಲ್ಲಿ ಜರಡಿ ಹಿಡಿದು ನೀರಲ್ಲಿ ತೆಳ್ಳಗೆ ಕಲಸಿ. ದಪ್ಪ ಕಾಗದದ ಮೇಲೆ ಮಗುವಿನ ಅಂಗೈ ಇಡಿಸಿ, ಹಳೇ ಹಲ್ಲುಜ್ಜುವ ಬ್ರಷ್ಷನ್ನು ಅದ್ದಿ ಹೆಬ್ಬೆರಳಲ್ಲಿ ಸವರುತ್ತಾ ಸುತ್ತ ಸಿಡಿಸಿ. ಬಾಯಿಂದ ಊದುವುದು ಬೇಡ, ಮಣ್ಣು ಹೊಟ್ಟೆಗೆ ಹೋದೀತು. ಕೆಳಗೆ ಹಳೇ ಪೇಪರ್ ಹಾಸಲು ಮರೆಯಬೇಡಿ, ಕೆಮ್ಮಣ್ಣಿನ ಕಲೆ ಬೇಗ ಹೋಗುವುದಿಲ್ಲ. ಮಗುವಿನದು ಆದಮೇಲೆ ಅದೇ ಕಾಗದದಲ್ಲಿ ನಿಮ್ಮ ಕೈಯನ್ನೂ ಇಡಿ. ಹಿಂದುಗಡೆ ಇಬ್ಬರ ಹೆಸರು, ತಾರೀಖು ಬರೆದು ಟ್ರಂಕಿನಲ್ಲಿಡಿ.

ನಿಮ್ಮ ಮನೆಯಲ್ಲೂ ಹೆಸರಿಲ್ಲದ ರಂಗೋಲಿ ಪುಸ್ತಕವೋ ಕಸೂತಿಯೋ ಕೌದಿಯೋ ಇದ್ದರೆ ಅದು ಯಾರದು ಅಂತ ಹಿರಿಯರನ್ನು ಈಗಲೇ ಕೇಳಿಟ್ಟುಕೊಳ್ಳಿ. ನಮಗೂ ಒಂದು ಕಾಗದ ಬರೆಯಿರಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.