ಒಂದು ಚಿಟಿಕೆ ಎಳ್ಳುಬೆಲ್ಲ ಮತ್ತು ಹಡಗಿನ ಪಂಕ್ತಿ

ನಮ್ಮ ಶನಿವಾರಸಂತೆ ಕಡಲನ್ನು ಕಾಣದ ಮಲೆಸೀಮೆಯ ಊರು. ಆದರೂ ಕೊಡಗಿನವರಿಗೆ ಮಕ್ಕಳೊಡನೆ ಹಡಗು ಹತ್ತುವ ಸಂಗತಿ ತೀರ ಹೊಸದೇನಲ್ಲ. ಹಾಲೇರಿ ವಂಶದ ಕೊನೆಯ ಅರಸು ಚಿಕ್ಕವೀರರಾಜೇಂದ್ರನು 1834ರಲ್ಲಿ ರಾಜ್ಯವನ್ನು ಕಳೆದುಕೊಂಡು, ಕಾಶಿಯಲ್ಲಿ ಬಹುಕಾಲ ಕಳೆದು, 1852ರಲ್ಲಿ ಹನ್ನೊಂದರ ಆಸುಪಾಸಿನ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದನು. ಅದು ಕೈಬಿಟ್ಟ ಹಣವನ್ನು ಮರಳಿ ಪಡೆಯುವ ಆಸೆಯ ಯಾನವಾಗಿತ್ತು. ಈಗಿನವರು ಹಡಗು ಹತ್ತುವುದು ವಿಹಾರಕ್ಕೆ. 2021ರಲ್ಲಿ ಕಾರ್ಡೀಲಿಯಾ ಸಂಸ್ಥೆಯ ಎಂಪ್ರೆಸ್ ಎಂಬ ನೌಕೆ ಮುಂಬಯಿಯಿಂದ ಸಂಚಾರ ಆರಂಭಿಸಿದ ಮೇಲೆ ಮಧ್ಯಮ ವರ್ಗದ ಮನೆಗಳಲ್ಲಿಯೂ ಇಂತಹ ಪ್ರವಾಸದ ಮಾತು ಕೇಳಿಬರುತ್ತಿದೆ. ನಮ್ಮ ಮನೆಯಲ್ಲಿಯೂ ಕೇಳಿಬಂದಿತು. ಲಕ್ಷದ್ವೀಪದ ಕಡೆಗೆ ಹೋಗಿಬರುವ ಒಂದು ನೌಕೆಯಲ್ಲಿ ಎಲ್ಲರೂ ಹೋಗೋಣವೆಂದು ಬೆಂಗಳೂರಿನಲ್ಲಿರುವ ಮಗನು ಹೇಳಿದಾಗ ನನ್ನ ಗೃಹಿಣಿ ಒಂದೇ ಮಾತು ಕೇಳಿದಳು: “ಮಗುವಿಗೆ ಅಲ್ಲೇನಾದರೂ ಆದರೆ?”

ಆ ಪ್ರಶ್ನೆಯ ಹಿಂದೆ ನನ್ನದೊಂದು ಅಪರಾಧವಿದೆ. ಅದನ್ನು ಮುಚ್ಚಿಟ್ಟು ಉಳಿದುದನ್ನು ಬರೆಯಲು ಬಾರದು.

2023ರ ಸಂಕ್ರಾಂತಿ. ಮೊಮ್ಮಗನಿಗೆ ಆಗ ಎರಡು ವರ್ಷ. ಹಿಂದೊಮ್ಮೆ ಕಡಲೇಬೀಜದ ಚಟ್ನಿ ತುಟಿಗೆ ತಾಗಿ ಬಾಯಿಯ ಸುತ್ತ ದದ್ದು ಎದ್ದಿತ್ತೆಂದೂ, ವೈದ್ಯರು ಪರೀಕ್ಷಿಸುವವರೆಗೆ ಅದನ್ನು ಕೊಡಕೂಡದೆಂದು ಹೇಳಿರುವರೆಂದೂ ಸೊಸೆ ಬಂದ ದಿನವೇ ತಿಳಿಸಿದ್ದಳು. ನಾನು ಕೇಳಿಸಿಕೊಂಡೆ, ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಬಾಲ್ಯದಲ್ಲಿ ಮಠದ ಪ್ರಸಾದನಿಲಯದಲ್ಲಿದ್ದು ಓದಿದವನು ನಾನು. ಪಂಕ್ತಿಯಲ್ಲಿ ಬಡಿಸಿದ್ದನ್ನು ಬೇಡವೆನ್ನುವ ಪದ್ಧತಿ ಅಲ್ಲಿರಲಿಲ್ಲ. ತಟ್ಟೆಯಲ್ಲಿ ಅಗುಳು ಉಳಿದರೆ ಏಳುವಂತಿರಲಿಲ್ಲ. “ಇದು ಆಗುವುದಿಲ್ಲ, ಅದು ಒಗ್ಗುವುದಿಲ್ಲ” ಎಂಬುದೆಲ್ಲ ಪಟ್ಟಣವಾಸಿಗಳ ನಾಜೂಕೆಂದೇ ಭಾವಿಸಿದ್ದೆ. ಪೂಜೆ ಮುಗಿದ ಮೇಲೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, “ಒಂದು ಚಿಟಿಕೆಯಿಂದ ಏನಾಗುತ್ತದೆ?” ಎಂದು ಎಳ್ಳುಬೆಲ್ಲವನ್ನು ನಾನೇ ಬಾಯಿಗಿಟ್ಟೆ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆಗಳೊಡನೆ ಹುರಿದ ಕಡಲೇಬೀಜವೂ ಅದರಲ್ಲಿರುವುದು ಯಾರಿಗೆ ತಿಳಿಯದು?

ಐದು ನಿಮಿಷ ಕಳೆದಿರಲಾರದು. ಮಗು ಕೆಮ್ಮತೊಡಗಿತು, ಕಣ್ಣುರೆಪ್ಪೆಗಳು ಊದಿಕೊಂಡವು, ವಾಂತಿಯಾಯಿತು, ಬಳಿಕ ಅಳುವುದನ್ನೂ ನಿಲ್ಲಿಸಿ ತೋಳಿನ ಮೇಲೆ ಜೋತುಬಿದ್ದಿತು. ಆ ನಿಶ್ಶಬ್ದವನ್ನು ನಾನು ಮರೆತಿಲ್ಲ. ತೋಟದ ಮನೆಯಿಂದ ಊರಿನ ಆಸ್ಪತ್ರೆಗೆ ಮಗನು ಕಾರನ್ನು ಹೇಗೆ ಓಡಿಸಿದನೋ ತಿಳಿಯದು. ಅಲ್ಲಿದ್ದ ತರುಣ ವೈದ್ಯೆ ಹೆಚ್ಚು ಮಾತಾಡದೆ ತೊಡೆಯ ಹೊರಬದಿಗೆ ಆಡ್ರಿನಲಿನ್ ಚುಚ್ಚಿದರು. ಕೆಲವು ನಿಮಿಷಗಳಲ್ಲಿ ಮಗು ಮತ್ತೆ ಅತ್ತಿತು. ಇಳಿದ ಲಕ್ಷಣಗಳು ಕೆಲವು ಗಂಟೆಗಳ ಮೇಲೆ ಮರುಕಳಿಸುವುದುಂಟೆಂದು ಅವರು ಆ ರಾತ್ರಿ ನಮ್ಮನ್ನು ಅಲ್ಲಿಯೇ ಇರಿಸಿಕೊಂಡರು. ಸೊಸೆ ನನಗೆ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಹಗುರಾಗುತ್ತಿತ್ತು.

ಬಳಿಕ ಈ ವಿಷಯವನ್ನು ಕುರಿತು ಓದಿದೆ. ದೇಹದ ಈ ವಿಪರೀತ ವರ್ತನೆಯ ಅರಿವು ಮೂಡಿದ್ದಕ್ಕೂ ಒಂದು ನೌಕಾಯಾನವೇ ಕಾರಣವೆಂಬುದು ನನಗೆ ವಿಸ್ಮಯವನ್ನುಂಟುಮಾಡಿತು. 1901ರಲ್ಲಿ ಮೊನಾಕೊದ ದೊರೆ ಮೊದಲನೆಯ ಆಲ್ಬರ್ಟನು ತನ್ನ ಸಂಶೋಧನ ನೌಕೆಯಲ್ಲಿ ಚಾರ್ಲ್ಸ್ ರಿಶೆ ಮತ್ತು ಪಾಲ್ ಪೋರ್ಟಿಯೆ ಎಂಬ ಫ್ರೆಂಚ್ ವಿಜ್ಞಾನಿಗಳನ್ನು ಅಟ್ಲಾಂಟಿಕ್ ಸಾಗರಕ್ಕೆ ಕರೆದೊಯ್ದನು. ಅಲ್ಲಿ ತೇಲುವ ಒಂದು ಜಲಚರದ ವಿಷವನ್ನು ಅವರು ಪರಿಶೀಲಿಸಿದರು. ಮರಳಿ ಬಂದ ಮೇಲೆ ಕಡಲಹೂವೆಂಬ ಜೀವಿಯ ವಿಷದಿಂದ ನಾಯಿಗಳ ಮೇಲೆ ಪ್ರಯೋಗವನ್ನು ಮುಂದುವರಿಸಿದರು. ಮೊದಲ ಸಲದ ವಿಷವನ್ನು ತಾಳಿಕೊಂಡು ಆರೋಗ್ಯವಾಗಿದ್ದ ನೆಪ್ಚೂನ್ ಎಂಬ ನಾಯಿಗೆ ಸುಮಾರು ಮೂರು ವಾರಗಳ ಮೇಲೆ ಮತ್ತೆ ಅಲ್ಪ ಪ್ರಮಾಣವನ್ನು ಕೊಟ್ಟಾಗ ಅದು ಅರ್ಧ ಗಂಟೆಯೊಳಗೆ ಸತ್ತಿತು. ಅಭ್ಯಾಸದಿಂದ ದೇಹ ಗಟ್ಟಿಯಾಗುವುದೆಂದು ನಿರೀಕ್ಷಿಸಿದ್ದವರಿಗೆ ಕಂಡದ್ದು ಇದಕ್ಕೆ ತದ್ವಿರುದ್ಧ. ಈ ಸ್ಥಿತಿಗೆ 1902ರಲ್ಲಿ ಅನಾಫಿಲಾಕ್ಸಿಸ್ ಎಂದು ಹೆಸರಿಟ್ಟರು. ರಿಶೆಗೆ 1913ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅಲರ್ಜಿ ಎಂಬ ಪದ ಬಂದದ್ದು 1906ರಲ್ಲಿ, ವಿಯೆನ್ನಾದ ವೈದ್ಯ ಪಿರ್ಕೆಯಿಂದ. “ಸ್ವಲ್ಪ ಸ್ವಲ್ಪ ಕೊಟ್ಟು ರೂಢಿ ಮಾಡಿಸಿ” ಎನ್ನುವ ನಮ್ಮ ಹಿರಿಯರು ಆ ನಾಯಿಯ ಕಥೆಯನ್ನು ಕೇಳಬೇಕು. ಅಂತಹ ರೂಢಿಯನ್ನು ವೈದ್ಯರು ತಮ್ಮ ಕಣ್ಣೆದುರಿನಲ್ಲಿ ಮಾಡಿಸಬಹುದು, ಅಜ್ಜಂದಿರಲ್ಲ.

ಇದನ್ನು ಓದಿ ಎಲ್ಲ ಹಸುಗೂಸುಗಳಿಗೂ ಕಡಲೇಬೀಜವನ್ನು ನಿಲ್ಲಿಸುವುದೂ ತಪ್ಪಾದೀತು. 2015ರಲ್ಲಿ ಪ್ರಕಟವಾದ, 640 ಶಿಶುಗಳನ್ನೊಳಗೊಂಡ ಲಂಡನ್ನಿನ ಅಧ್ಯಯನವೊಂದು ಅದನ್ನು ಮೊದಲ ವರ್ಷದಲ್ಲಿಯೇ ತಕ್ಕ ರೂಪದಲ್ಲಿ ತಿನ್ನಿಸತೊಡಗಿದ ಮಕ್ಕಳಲ್ಲಿ ಈ ತೊಂದರೆ ಬಹಳ ಕಡಿಮೆಯೆಂದು ತೋರಿಸಿತು. ನಾನು ಹೇಳುತ್ತಿರುವುದು ಒಮ್ಮೆ ತೊಂದರೆ ಕಾಣಿಸಿಕೊಂಡ ಮಗುವಿನ ಮಾತು.

ಮೈಸೂರಿನಲ್ಲಿ ಪರೀಕ್ಷೆ ಮಾಡಿಸಿದಾಗ ಕಡಲೇಬೀಜ, ಗೋಡಂಬಿ ಎರಡೂ ಆಗವೆಂದು ತಿಳಿಯಿತು. ಹೀಗಿರಲು ಹಡಗಿನ ಮಾತು ಬಂದಾಗ ಮನೆಯಲ್ಲಿ ಭಯ ಹುಟ್ಟಿದ್ದು ಸಹಜ. ಲಕ್ಷದ್ವೀಪದ ದ್ವೀಪಗಳು ಕೊಚ್ಚಿಯಿಂದ 220ರಿಂದ 440 ಕಿಲೋಮೀಟರ್ ದೂರದಲ್ಲಿವೆ. ನಡುಗಡಲಿನಲ್ಲಿ ಕಾರನ್ನು ಓಡಿಸುವುದೆಲ್ಲಿಗೆ? ಸೊಸೆಯೊಬ್ಬಳೇ ಧೈರ್ಯವಾಗಿದ್ದಳು. “ನೆಂಟರ ಮನೆಗಳಿಗಿಂತ ಹಡಗೇ ವಾಸಿ ಮಾವ, ಅಲ್ಲಿ ಕೇಳಿದರೆ ಯಾರೂ ಮುನಿಸಿಕೊಳ್ಳುವುದಿಲ್ಲ” ಎಂದಳು. ಆ ಮಾತು ನನ್ನ ಎದೆಗೇ ಬಂದು ತಾಗಿತು.

ಹೊರಡುವ ಆರು ವಾರ ಮೊದಲೇ ಅವಳು ನೌಕೆಯ ಕಚೇರಿಗೆ ಮಗುವಿನ ಸ್ಥಿತಿಯನ್ನು ಬರೆದು ತಿಳಿಸಿ, ನೌಕೆಯ ಚಿಕಿತ್ಸಾಲಯದಲ್ಲಿ ಆಡ್ರಿನಲಿನ್ ಇರುವುದೇ ಎಂದು ಕೇಳಿ ಉತ್ತರ ತರಿಸಿಕೊಂಡಳು. ಒತ್ತಿದೊಡನೆ ಚುಚ್ಚುವ ಪೆನ್ನಿನಂತಹ ಸಾಧನ ನಮ್ಮ ಕಡೆಯ ಔಷಧದಂಗಡಿಗಳಲ್ಲಿ ಸುಲಭವಾಗಿ ದೊರೆಯದು. ಆದಕಾರಣ ವೈದ್ಯರು ಮಗುವಿನ ತೂಕಕ್ಕೆ ತಕ್ಕ ಪ್ರಮಾಣವನ್ನು ಬರೆದುಕೊಟ್ಟು, ಸೀಸೆಯಿಂದ ಸಿರಿಂಜಿಗೆ ಔಷಧ ಎಳೆದು ಚುಚ್ಚುವ ಕ್ರಮವನ್ನು ಮಗ ಸೊಸೆ ಇಬ್ಬರಿಗೂ ಕಲಿಸಿದರು. ಕಲಿಯುತ್ತೇನೆಂದು ನಾನೂ ಕುಳಿತೆ. ಕಿತ್ತಳೆಹಣ್ಣಿಗೆ ಚುಚ್ಚಿ ಅಭ್ಯಾಸ ಮಾಡಿದೆ. ತುರಿಕೆಗೆ ಕೊಡುವ ಸಿಟ್ರಿಜಿನ್ ಮುಂತಾದ ಔಷಧಗಳು ಇದಕ್ಕೆ ಬದಲಿಯಲ್ಲವೆಂದೂ, ಉಸಿರು ಕಟ್ಟುವ ಲಕ್ಷಣ ಕಂಡರೆ ಮೊದಲು ಚುಚ್ಚಬೇಕೆಂದೂ, ಮಗುವನ್ನು ನಿಲ್ಲಿಸದೆ ನಡೆಸದೆ ಇರಬೇಕೆಂದೂ ಅವರು ಒತ್ತಿ ಹೇಳಿದರು. ಹಡಗು ಹತ್ತುವಾಗ ದೊಡ್ಡ ಪೆಟ್ಟಿಗೆಗಳನ್ನು ಸಿಬ್ಬಂದಿಗೆ ಒಪ್ಪಿಸಬೇಕು. ಅವು ಕೋಣೆಗೆ ಬರುವುದು ಗಂಟೆಗಳ ಮೇಲೆ. ಆದುದರಿಂದ ಔಷಧ, ವೈದ್ಯರ ಚೀಟಿ ಎರಡೂ ಸೊಸೆಯ ಹೆಗಲ ಚೀಲದಲ್ಲಿಯೇ ಇದ್ದವು. ಮೇಲಿನ ಅಟ್ಟಕ್ಕೆ ಗಾಳಿ ಸೇವಿಸಲು ಹೋದರೂ ಆ ಚೀಲ ಜೊತೆಗಿರುತ್ತಿತ್ತು.

ಇಲ್ಲಿ ನಮ್ಮ ಸಮಾಜದವರು ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಶುದ್ಧ ಸಸ್ಯಾಹಾರವೆಂಬ ಫಲಕ ಕಂಡೊಡನೆ ನಮಗೆ ನೆಮ್ಮದಿಯಾಗುತ್ತದೆ. ಇಂತಹ ಮಗುವಿಗೆ ಅಪಾಯ ಹೆಚ್ಚಾಗಿರುವುದು ಅಲ್ಲಿಯೇ. ಪಲ್ಯದ ರಸ ಗಟ್ಟಿಯಾಗಲು ಗೋಡಂಬಿಯನ್ನು ಅರೆದು ಹಾಕುತ್ತಾರೆ. ಅವಲಕ್ಕಿ, ಚಿತ್ರಾನ್ನಗಳಲ್ಲಿ ಕಡಲೇಬೀಜವಿರುತ್ತದೆ. ಚಟ್ನಿಪುಡಿಯ ಮಾತನ್ನಂತೂ ಹೇಳಬೇಕಾಗಿಲ್ಲ. ಹಡಗಿನ ಭೋಜನಶಾಲೆಯಲ್ಲಿ ಹತ್ತಾರು ಪಾತ್ರೆಗಳನ್ನು ಸಾಲಾಗಿಟ್ಟಿರುತ್ತಾರೆ. ಜನರು ಒಂದರ ಸೌಟನ್ನು ಇನ್ನೊಂದಕ್ಕೆ ಅದ್ದುತ್ತಾರೆ. ಮೊದಲ ಸಂಜೆಯೇ ಸೊಸೆ ಭೋಜನಶಾಲೆಯ ಮುಖ್ಯಸ್ಥರನ್ನು ಕಂಡು ಮಾತಾಡಿದಳು. ಮರುದಿನದ ಊಟವನ್ನು ಅವರು ಹಿಂದಿನ ರಾತ್ರಿಯೇ ಕೇಳಿ, ಮಗುವಿನದನ್ನು ಒಳಗಿನಿಂದ ಬೇರೆಯಾಗಿ ಮುಚ್ಚಿ ತರಿಸುತ್ತಿದ್ದರು. ಅನ್ನ, ತೊವ್ವೆ, ಬೇಯಿಸಿದ ಆಲೂಗಡ್ಡೆ, ಬಾಳೆಹಣ್ಣು: ಹೆಚ್ಚುಕಡಿಮೆ ಇಷ್ಟೇ. ಮೇಜನ್ನು ನಾವೇ ಒರೆಸಿಕೊಳ್ಳುತ್ತಿದ್ದೆವು. ಬಾಗಿಲಲ್ಲಿ ಎಲ್ಲರ ಕೈಗೂ ಹಾಕುವ ದ್ರಾವಣವು ರೋಗಾಣುಗಳನ್ನು ಕೊಲ್ಲಬಹುದು, ಕಡಲೇಬೀಜದ ಅಂಶವನ್ನು ತೆಗೆಯದು. ಅದಕ್ಕೆ ಸಾಬೂನು ನೀರೇ ಬೇಕು.

ಮಗು ಆ ದಿನಗಳಲ್ಲಿ ಕಡಲನ್ನು ನೋಡಿ ದಣಿಯಲಿಲ್ಲ. ನಾನು ಮಾತ್ರ ಹೆಚ್ಚಾಗಿ ಮಗುವಿನ ಮುಖವನ್ನೇ ನೋಡುತ್ತಿದ್ದೆ. ಮೂರನೆಯ ಸಂಜೆ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ನನ್ನ ವಯಸ್ಸಿನ ಗೃಹಸ್ಥರೊಬ್ಬರು ಪ್ರೀತಿಯಿಂದ ಚಿಕ್ಕಿಯ ತುಂಡೊಂದನ್ನು ಮಗುವಿನತ್ತ ಚಾಚಿದರು. ನಾನು ಏಳುವಷ್ಟರಲ್ಲಿ ನಾಲ್ಕು ವರ್ಷದ ಆ ಹುಡುಗ ಎರಡು ಕೈಗಳನ್ನೂ ಬೆನ್ನ ಹಿಂದಕ್ಕೆ ಕಟ್ಟಿಕೊಂಡು, “ನನಗೆ ಆಗೋದಿಲ್ಲ” ಎಂದನು. ಅವರು ನಕ್ಕು, “ಇಷ್ಟರಿಂದ ಏನೂ ಆಗುವುದಿಲ್ಲ” ಎಂದು ಹಿಂದಿಯಲ್ಲಿ ಹೇಳಿದರು. ನಾನು ಅವರ ಬಳಿ ಕುಳಿತು, ನನಗೆ ಬಂದಷ್ಟು ಹಿಂದಿಯಲ್ಲಿ 2023ರ ಸಂಕ್ರಾಂತಿಯ ಕಥೆಯನ್ನು ಹೇಳಿದೆ. ಯಾರು ತಿನ್ನಿಸಿದರೆಂಬುದನ್ನೂ ಹೇಳಿದೆ. ಅವರು ಚಿಕ್ಕಿಯನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ಎದ್ದು ಹೋಗಿ ಕೈ ತೊಳೆದುಕೊಂಡು ಬಂದು, ಮಗುವಿಗೆ ದೂರದ ದೀಪವೊಂದನ್ನು ತೋರಿಸತೊಡಗಿದರು.