ಪಾಠ ಯೋಜಿಸೋಕೆ ಟೀಚರಿಗೆ ಟೈಮ್ ಎಲ್ಲಿದೆ?

ಒಂದೇ ಕೋಣೆ, ಮೂರು ತರಗತಿಯ ಮಕ್ಕಳು. ಒಬ್ಬಳು ಕತೆ ಓದ್ತಾಳೆ, ಇನ್ನೊಬ್ಬನಿಗೆ ‘ರ’, ‘ಗ’ ಇನ್ನೂ ಬಂದಿಲ್ಲ. ಇಬ್ಬರಿಗೂ ಒಂದೇ ಪಾಠ ಮಾಡಿದ್ರೆ ಹೇಗೆ? ಈ ಪ್ರಶ್ನೆಗೆ ಮೈಸೂರು ಜಿಲ್ಲೆ ಎಚ್.ಡಿ. ಕೋಟೆಯ ಶಿಕ್ಷಕರು 1995ರಲ್ಲೇ ಉತ್ತರ ಹುಡುಕಿದ್ದರು. ಆಂಧ್ರದ ರಿಷಿ ವ್ಯಾಲಿ ಮಾದರಿ ನೋಡಿ ಬಂದು ಕಟ್ಟಿದ ನಲಿ-ಕಲಿ ಅದು. ಕಾರ್ಡು, ಕಲಿಕಾ ಏಣಿ, ಐದು ತಟ್ಟೆ. ಶಿಕ್ಷಕರ ಪೂರ್ತಿ ಸಹಾಯ ಬೇಕಾದವರು ಒಂದು ತಟ್ಟೆಯಲ್ಲಿ, ತಾವೇ ಕಲಿಯುವವರು ಇನ್ನೊಂದರಲ್ಲಿ. ಸುಗ್ಗಿಗೆಂದು ವಾರಗಟ್ಟಲೆ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿಂದಲೇ ಮತ್ತೆ ಹತ್ತಬಹುದು.

2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಆದರೆ ಈ ಪದ್ಧತಿ ನಿಂತಿರೋದು ಕಾರ್ಡಿನ ಮೇಲಲ್ಲ, ಯಾವ ಮಗು ಯಾವ ಮೆಟ್ಟಿಲಲ್ಲಿದೆ ಅಂತ ದಿನಾ ಗಮನಿಸೋ ಟೀಚರ್ ಮೇಲೆ. ಅವರನ್ನೇ 2025ರಲ್ಲಿ ಜಾತಿ ಸಮೀಕ್ಷೆಗೆ ಕಳಿಸಿ, ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಸಮೀಕ್ಷೆ ಬೇಕೇ ಬೇಕು, ನನ್ನ ತಕರಾರು ಅದಲ್ಲ. ಹತ್ತು ವರ್ಷದ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಶಿಕ್ಷಕರಿಗೆ ಬೇರೆ ಕೆಲಸ ಹಚ್ಚಬೇಡಿ ಅನ್ನುತ್ತೆ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ. ಎಲ್ಲ ಮಕ್ಕಳಿಗೂ ಹೊಂದುವ ಪಾಠದ ಬಗ್ಗೆ ಇನ್ನೊಂದು ತರಬೇತಿ ಕೊಡೋ ಮುಂಚೆ, ವಾರಕ್ಕೆ ಎರಡು ಗಂಟೆ ಬರೀ ಯೋಜನೆಗೆ ಅಂತ ವೇಳಾಪಟ್ಟಿಯಲ್ಲೇ ಇಲಾಖೆ ಬರೆದುಕೊಡಲಿ.