ಗೂಗಲ್ ಭವಿಷ್ಯಕ್ಕೂ ಪಂಚಾಂಗ ಬೇಕು ಸ್ವಾಮಿ!

"ಆರು ತಿಂಗಳಲ್ಲಿ ನಿಮ್ಮ ವೆಬ್‌ಸೈಟಿಗೆ ಹತ್ತು ಪಟ್ಟು ಜನ! ಗೂಗಲ್‌ನಲ್ಲಿ ಮೊದಲ ಸ್ಥಾನ ಗ್ಯಾರಂಟಿ!"

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವರಿಗೆ, ಸಿರುಗುಪ್ಪದ ಅಕ್ಕಿ ಗಿರಣಿಯವರಿಗೆ ಹೀಗೆ ಹೇಳಿ ತಿಂಗಳಿಗಿಷ್ಟು ಅಂತ ದುಡ್ಡು ಕೇಳುವವರು ಕಮ್ಮಿಯಿಲ್ಲ. ಜೊತೆಗೆ ಮೇಲಕ್ಕೇ ಏರುವ ಒಂದು ಗ್ರಾಫು. ಗ್ಯಾರಂಟಿ ವಿಷಯ ಬಿಡಿ, ಮೊದಲ ಸ್ಥಾನದ ಖಾತ್ರಿ ಯಾರೂ ಕೊಡಲಾರರು ಅಂತ ಗೂಗಲ್ಲೇ ಹೇಳಿದೆ. ನನ್ನ ತಕರಾರು ಇರೋದು ಆ ಗ್ರಾಫಿನ ಮೇಲೆ.

ಹಿಂದಿನ ಅಂಕಿ ತೆಗೆದುಕೊಂಡು ಮುಂದಕ್ಕೆ ಗೆರೆ ಎಳೆದರೆ ಭವಿಷ್ಯ ಆಯ್ತು ಅಂತ ಇವರ ಲೆಕ್ಕ. ಆದರೆ ನಮ್ಮೂರಿನ ಹೆಸರೇ ಒಂದು ಕಡೆ ನಿಂತಿಲ್ಲವಲ್ಲ! 2014ರ ನವೆಂಬರ್ 1ರಂದು ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯ್ತು. ಹಳೇ 'ಬೆಲ್ಲರಿ'ಯನ್ನೇ ಟೈಪ್ ಮಾಡುವವರು ಈಗಲೂ ಇದ್ದಾರೆ, ಹೊಸದನ್ನು ಬಳಸುವವರೂ ಇದ್ದಾರೆ. ಒಂದೇ ಸ್ಪೆಲ್ಲಿಂಗ್ ನೋಡಿ "ಹುಡುಕುವವರು ಏರಿದರು, ಇಳಿದರು" ಅಂದರೆ ಹೇಗೆ? 2021ರಲ್ಲಿ ವಿಜಯನಗರ ಬೇರೆ ಜಿಲ್ಲೆಯಾಗಿ ಹೊಸಪೇಟೆ, ಹಂಪಿ ಎರಡೂ ಆ ಕಡೆ ಹೋದವು. ಅದಕ್ಕೂ ಹಿಂದಿನ ಜಿಲ್ಲಾ ಲೆಕ್ಕದಲ್ಲಿ ಹಂಪಿ ನೋಡಲು ಬರುವವರೂ ಸೇರಿದ್ದಾರೆ. ಅವರನ್ನೆಲ್ಲ ಜೀನ್ಸ್ ಗಿರಾಕಿ ಅಂತ ಎಣಿಸೋದು ತಮಾಷೆಯೇ ಸರಿ.

ಇನ್ನು ಹಬ್ಬ. 2023ರಲ್ಲಿ ದೀಪಾವಳಿ ನವೆಂಬರ್ ಮಧ್ಯದಲ್ಲಿ ಬಂತು, 2025ರಲ್ಲಿ ಅಕ್ಟೋಬರ್ 20ರ ಆಸುಪಾಸು. 2026ರದ್ದು ಮತ್ತೆ ನವೆಂಬರ್ 8ಕ್ಕೆ. ನವೆಂಬರನ್ನು ನವೆಂಬರ್ ಜೊತೆ ಹೋಲಿಸಿದರೆ ಬಟ್ಟೆ ವ್ಯಾಪಾರಿಗೆ ತಲೆನೋವು ಗ್ಯಾರಂಟಿ (ಇದಕ್ಕೆ ಮಾತ್ರ ನಾನೂ ಗ್ಯಾರಂಟಿ ಕೊಡ್ತೀನಿ). ಹಬ್ಬಕ್ಕೆ ಎಷ್ಟು ವಾರ ಮುಂಚೆ ಅಂತ ಎಣಿಸಬೇಕು. ಸಿರುಗುಪ್ಪ, ಕುರುಗೋಡು ಕಡೆ ಗೊಬ್ಬರ, ಬೀಜ, ಟ್ರ್ಯಾಕ್ಟರ್ ಬಿಡಿಭಾಗ ಮಾರುವವರಿಗೆ ಪಂಚಾಂಗವೂ ಸಾಲದು, ತುಂಗಭದ್ರಾ ಕಾಲುವೆಗೆ ನೀರು ಯಾವಾಗ ಬಿಡ್ತಾರೆ ಅನ್ನೋದು ಮುಖ್ಯ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯ್ತಲ್ಲ, ಆ ವಾರ ಊರಿಗೆ ಊರೇ ಹುಡುಕಿದ್ದು ಡ್ಯಾಮಿನ ಸುದ್ದಿ. ಅಂಥ ವಾರದ ಅಂಕಿ ಲೆಕ್ಕದಿಂದ ತೆಗೆದಿಡದಿದ್ದರೆ ಮುಂದಿನ ಆಗಸ್ಟಿನ ಅಂದಾಜು ಕೆಟ್ಟಂತೆ.

ಹಾಗಾದ್ರೆ ಏನು ಮಾಡೋದು? ಗೂಗಲ್‌ನ ಸರ್ಚ್ ಕನ್ಸೋಲ್ ಪುಕ್ಕಟೆ ಸಿಗುತ್ತೆ. ನಿಮ್ಮ ಪುಟ ಎಷ್ಟು ಸಲ ಕಾಣಿಸಿಕೊಂಡಿತು, ಎಷ್ಟು ಜನ ಒತ್ತಿದರು, ಏನು ಟೈಪ್ ಮಾಡಿ ಬಂದರು, ಎಲ್ಲಾ ಅಲ್ಲಿದೆ. ಆದರೆ ಅದು ಇಟ್ಟುಕೊಳ್ಳೋದು 16 ತಿಂಗಳ ಲೆಕ್ಕ ಮಾತ್ರ. ಅಂದ್ರೆ ಹೋದ ವರ್ಷದ ಜೊತೆ ಹೋಲಿಸೋಕೆ ಸಿಗೋದು ಬರೀ ನಾಲ್ಕು ತಿಂಗಳು! ಪ್ರತಿ ತಿಂಗಳು ಇಳಿಸಿಕೊಂಡು ಎಕ್ಸೆಲ್‌ನಲ್ಲಿ ಇಡಿ. ಎರಡು ವರ್ಷದ ಸ್ವಂತ ಅಂಕಿ ಇದ್ದರೆ ಯಾರ ಗ್ರಾಫೂ ಬೇಡ. ಲೆಕ್ಕವೂ ಸುಲಭ. 2000 ಸಲ ಕಾಣಿಸಿ 40 ಜನ ಒತ್ತಿದ್ದರೆ ನೂರಕ್ಕೆ ಎರಡು. ಹಬ್ಬಕ್ಕೆ 2500 ಸಲ ಕಾಣಿಸಬಹುದು ಅನ್ನಿಸಿದರೆ 50 ಜನ. ಆ 50ರಲ್ಲಿ ಐದು ಜನ ಹೋಲ್‌ಸೇಲ್ ಗಿರಾಕಿಗಳಿದ್ದರೆ ಸಾಕಲ್ವಾ? ಗೂಗಲ್ ಟ್ರೆಂಡ್ಸ್ ನೋಡುವವರು ಒಂದು ನೆನಪಿಡಿ. ಅಲ್ಲಿನ 100 ಅಂದರೆ ನೂರು ಜನ ಅಲ್ಲ, ಆ ಅವಧಿಯ ಗರಿಷ್ಠ ಮಟ್ಟ ಅಷ್ಟೇ.

ಹುಡುಕಿದವರಿಗೆ ಸಿಗಬೇಕಾದರೆ ಪುಟದಲ್ಲಿ ಅಕ್ಷರ ಇರಬೇಕು. ವಿಳಾಸ, ಫೋನ್ ನಂಬರು, ಸರಕಿನ ಹೆಸರು ಎಲ್ಲಾ ಒಂದು ಚಂದದ ಚಿತ್ರದೊಳಗೆ ಸೇರಿಸಿಬಿಡೋದು ನಮ್ಮ ಕಡೆ ಚಾಳಿ. ಹಳೇ ನುಡಿ ಫಾಂಟಿನಲ್ಲಿ ಬರೆದದ್ದನ್ನು ಹಾಗೇ ಅಂಟಿಸಿದರೂ ಅಷ್ಟೇ, ಗೂಗಲ್‌ಗೆ ಅದು ಕನ್ನಡವಾಗಿ ಕಾಣೋದೇ ಇಲ್ಲ, ಯುನಿಕೋಡಿಗೆ ಬದಲಿಸಿಕೊಳ್ಳಿ. ಊರಿನ ಹೆಸರನ್ನು ಕನ್ನಡದಲ್ಲಿ, ಎರಡೂ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಸಹಜವಾಗಿ ಒಂದೊಂದು ಕಡೆ ಬರೆಯಿರಿ, ಇಪ್ಪತ್ತು ಸಲ ತುರುಕಬೇಡಿ. ಅಂಗಡಿಗೆ ಫೋನ್ ಮಾಡುವವರು ಸರಕನ್ನು ಯಾವ ಹೆಸರಿನಿಂದ ಕೇಳ್ತಾರೋ ಅದನ್ನೇ ಪುಟದ ತಲೆಬರಹದಲ್ಲಿ ಹಾಕಿ. ಕೌಂಟರಿನಲ್ಲಿ ಕೂತ ಹುಡುಗನನ್ನು ಕೇಳಿ, ಅವನಿಗೆ ಗೊತ್ತಿರುತ್ತೆ.